ಕೊಕ್ಕೆಯಲ್ಲೇ ಇದ್ದ ಚೆಂಡು

ಇಂಥ ಅನುಭವಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಒಮಾನಿನ ಹಮ್ರಿಯಾದ ನಮ್ಮ ಫ್ಲ್ಯಾಟಿನಲ್ಲಿ ರಜೆಯ ದಿನ ಊರಿನವರು ನಾಲ್ಕು ಜನ ಸೇರಿದರೆ ಯಾರಾದರೊಬ್ಬರು ತಮ್ಮ ಸ್ನೇಹಿತನ ಸ್ನೇಹಿತನಿಗೆ ಬೆಟ್ಟದ ದಾರಿಯಲ್ಲಿ ಕಾಣಿಸಿದ ಬಿಳಿ ಬಟ್ಟೆಯ ಹೆಂಗಸಿನ ಕತೆ ತೆಗೆಯುತ್ತಾರೆ. ನಾನು ಕೂಡಲೇ "ಫೋಟೋ ಉಂಟಾ?" ಎಂದು ಕೇಳಿ ಕತೆ ಕೆಡಿಸುತ್ತಿದ್ದೆ. ಇಪ್ಪತ್ತು ವರ್ಷಗಳಿಂದ ಜನರ ತಲೆಯೊಳಗೆ ಇಣುಕಿ ನೋಡುವುದೇ ನನ್ನ ಉದ್ಯೋಗ, ಅಲ್ಲಿ ಇಲ್ಲಿಯತನಕ ಒಂದು ದೆವ್ವವೂ ಸಿಕ್ಕಿಲ್ಲ ಎಂದು ನಗಾಡುತ್ತಿದ್ದೆ. ನನ್ನ ಹೆಂಡತಿಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಈಗ ಅದೇ ಬಾಯಿಯಿಂದ ಈ ಸಂಗತಿ ಹೇಳಲು ಹೊರಟಿದ್ದೇನೆ. ನಗುವವರು ನಗಬಹುದು, ನಾನಾಗಿದ್ದರೂ ನಗುತ್ತಿದ್ದೆ. ದೆವ್ವ ಕಂಡೆ ಎಂದು ನಾನು ಹೇಳುತ್ತಿಲ್ಲ. ಏನು ಕಂಡೆನೋ ಅಷ್ಟನ್ನೇ ಹೇಳುತ್ತೇನೆ. ಇದರಲ್ಲಿ ಬರುವ ಗಂಡ ಹೆಂಡಿರ ಹೆಸರನ್ನೂ ಅವರಿದ್ದ ಊರನ್ನೂ ಬದಲಿಸಿದ್ದೇನೆ, ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಅದಕ್ಕೆ ಕಾರಣ ಕೊನೆಗೆ ನಿಮಗೇ ತಿಳಿಯುತ್ತದೆ.

ನಾನು ಒಮಾನಿನ ಒಂದು ಆಸ್ಪತ್ರೆಯಲ್ಲಿ ಎಂ.ಆರ್.ಐ. ಟೆಕ್ನಿಶಿಯನ್. ಒಳಗೆ ಹೋಗಿ ಮಲಗಿದವರಿಗೆ ಆ ಯಂತ್ರ ಹೇಗಿರುತ್ತದೆಂದು ಗೊತ್ತು. ಇಕ್ಕಟ್ಟಿನ ಸುರಂಗ, ಕಿವಿ ಕಿತ್ತು ಹೋಗುವ ಸದ್ದು, ತಲೆಯನ್ನು ಅಲುಗಾಡಿಸದಂತೆ ಹಿಡಿಯುವ ಪಂಜರದಂಥ ಚೌಕಟ್ಟು. ಎಂಥ ಗಟ್ಟಿ ಆಸಾಮಿಗೂ ಒಂದು ಕ್ಷಣ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕಾಗಿ ರೋಗಿಯ ಕೈಗೆ ಒಂದು ರಬ್ಬರಿನ ಚೆಂಡು ಕೊಡುತ್ತೇವೆ. ದೊಡ್ಡ ನಿಂಬೆಹಣ್ಣಿನಷ್ಟು ಗಾತ್ರ, ಹಿಂದೆ ಉದ್ದನೆಯ ತೆಳು ಕೊಳವೆ. ಹಿಸುಕಿದರೆ ಕೊಳವೆಯಲ್ಲಿ ಗಾಳಿ ನುಗ್ಗಿ, ಗಾಜಿನ ಈಚೆ ಕಂಟ್ರೋಲ್ ರೂಮಿನಲ್ಲಿ ಕೂತ ನಮಗೆ ಬೆಲ್ ಕೇಳಿಸುತ್ತದೆ. ಕೆಲಸ ಇಲ್ಲದಾಗ ಅದನ್ನು ಯಂತ್ರದ ಬದಿಯ ಕೊಕ್ಕೆಗೆ ನೇತುಹಾಕುತ್ತೇವೆ.

ನನಗೆ ಈ ಕೆಲಸ ಕಲಿಸಿದ ಹಿರಿಯರೊಬ್ಬರು ಮೊದಲ ದಿನವೇ ಹೇಳಿದ್ದರು, "ಪೇಷೆಂಟಿಗೆ ಪ್ರಜ್ಞೆ ಇರ್ಲಿ, ಇಲ್ದೆ ಇರ್ಲಿ, ಚೆಂಡು ಕೈಯಲ್ಲಿ ಇರ್ಲೇಬೇಕು. ಕೇಳ್ಬೇಡ ಯಾಕಂತ." ನಾನು ಕೇಳಿರಲಿಲ್ಲ. ಸಾವಿರಾರು ಕೈಗಳಿಗೆ ಕೊಟ್ಟಿದ್ದೇನೆ. ಪ್ರಜ್ಞೆ ಇಲ್ಲದವರ ಬೆರಳುಗಳನ್ನು ನಾನೇ ಮಡಚಿ ಹಿಡಿಸಿದ್ದೇನೆ. ಅವರ ಬೆರಳು ಕೆಲವೊಮ್ಮೆ ಸುಮ್ಮನೆ ಸೆಟೆದು ಬೆಲ್ ಆಗುವುದುಂಟು, ಆಗ ನಾವು ಒಂದು ಗುಂಡಿ ಒತ್ತಿ ಅದನ್ನು ನಿಲ್ಲಿಸಿ ಕೆಲಸ ಮುಂದುವರಿಸುತ್ತೇವೆ.

ಅದು ಒಂದು ಶುಕ್ರವಾರ, ಮಧ್ಯಾಹ್ನದ ನಮಾಜಿನ ಹೊತ್ತು. ಇಲ್ಲಿ ಆ ಹೊತ್ತಿಗೆ ಆಸ್ಪತ್ರೆಯ ಕಾರಿಡಾರುಗಳು ಬಣಗುಡುತ್ತವೆ. ನಮ್ಮ ವಿಭಾಗದಲ್ಲಿ ನಾನೊಬ್ಬನೇ ಇದ್ದೆ. ಇಬ್ರಿ ಎಂಬ ಊರಿನಿಂದ ಆಂಬುಲೆನ್ಸಿನಲ್ಲಿ ಒಬ್ಬ ಗರ್ಭಿಣಿ ಬಂದಿದ್ದಾಳೆ, ಪ್ರಜ್ಞೆ ಮಂಕಾಗಿದೆ, ತಲೆಯ ಸ್ಕ್ಯಾನ್ ತುರ್ತಾಗಿ ಬೇಕು ಎಂದು ಫೋನ್ ಬಂತು. ಸ್ವಲ್ಪ ಹೊತ್ತಿಗೆ ಲಿಸಿ ಎಂಬ ಮಲಯಾಳಿ ನರ್ಸ್ ಸ್ಟ್ರೆಚರ್ ತಳ್ಳಿಕೊಂಡು ಬಂದಳು. ಹಿಂದೆ ಗಂಡ.

ಆತ ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿದವನೇ "ನೀವು ಊರಿನವ್ರಾ?" ಎಂದು ತುಳುವಿನಲ್ಲಿ ಕೇಳಿದ. ನಾನು ಉಡುಪಿ ಕಡೆಯವನು, ಅವನು ಶಿರ್ವದ ಹತ್ತಿರದ ಕೊಂಕಣಿ ಕ್ರಿಶ್ಚಿಯನ್, ಹೆಸರು ವಿಲ್ಫ್ರೆಡ್. ಇಬ್ರಿಯಲ್ಲಿ ಕಟ್ಟಡ ಸಾಮಾನಿನ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್. ಹೆಂಡತಿಯ ಹೆಸರು ಲವೀನಾ. ನಾವು ಆಡಿದ್ದೆಲ್ಲ ತುಳುವಿನಲ್ಲೇ, ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೈಯಲ್ಲಿ ಲೋಹ ಏನಾದರೂ ಇದೆಯೇ, ಹಿಂದೆ ಆಪರೇಶನ್ ಆಗಿದೆಯೇ ಎಂಬ ನಮ್ಮ ಫಾರ್ಮಿನ ಪ್ರಶ್ನೆಗಳಿಗೆ ಅವನು ಉತ್ತರಿಸಿದ. ಅವಳ ಉಂಗುರ, ಕರಿಮಣಿ ಸರ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿಕೊಂಡ. ಆಮೇಲೆ ನಾನು ಕೇಳದೆಯೇ ಹೇಳತೊಡಗಿದ.

"ಮೂರೂವರೆ ತಿಂಗಳಾಯ್ತು ಅಣ್ಣ. ಶುರುವಿನಿಂದ ವಾಂತಿ. ಗಂಜಿ ನೀರೂ ನಿಲ್ಲುದಿಲ್ಲ. ನಾನೇ ಕ್ಲಿನಿಕ್ಕಿಗೆ ಕರ್ಕೊಂಡು ಹೋಗಿ ಗ್ಲೂಕೋಸ್ ಹಾಕಿಸಿದ್ದು. ಡಾಕ್ಟ್ರು ದೊಡ್ಡ ಆಸ್ಪತ್ರೆಗೆ ಹೋಗಿ ಅಂದ್ರು. ನಾನೇ, ಒಂದು ಬಾಟ್ಲಿ ಹಾಕಿ ಸಾಕು, ಶಕ್ತಿ ಬರ್ತದೆ ಅಂದೆ. ಹಾಕಿದ ದಿನ ಸ್ವಲ್ಪ ಕಣ್ಣು ಬಿಡ್ತಾ ಇದ್ಳು. ಅದಕ್ಕೆ ಪುನಃ ಪುನಃ ಹೋದೆ."

ಇದು ನಮ್ಮವರ ಹಳೇ ರೋಗ. ಊರಿನಲ್ಲಾಗಲಿ ಇಲ್ಲಾಗಲಿ, ಸುಸ್ತು ಎಂದರೆ ನಾವೇ ಡಾಕ್ಟರಿಗೆ ಗ್ಲೂಕೋಸ್ ಬರೆದುಕೊಡುವವರು. ಬಾಟ್ಲಿ ನೇತಾಡಿದರೆ ಅರ್ಧ ಗುಣವಾದಂತೆ. ನನ್ನ ತಾಯಿಯೂ ಹಾಗೆಯೇ, ನಾನೂ ಎಷ್ಟೋ ಸಲ ಹಾಗೆಯೇ. ಅವನನ್ನು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ.

ಹತ್ತು ದಿನಗಳಿಂದ ಅವಳು ನಡೆಯುವಾಗ ವಾಲುತ್ತಿದ್ದಳಂತೆ. ಒಂದು ವಸ್ತು ಎರಡಾಗಿ ಕಾಣುತ್ತದೆ ಎಂದಳಂತೆ. ಆಮೇಲೆ ಏನೇನೋ ಮಾತಾಡತೊಡಗಿದಳು. ಹಿಂದಿನ ದಿನ ಗಂಡನನ್ನು ನೋಡಿ "ನೀವು ಯಾರು?" ಎಂದು ಕೇಳಿದ್ದಳು. ಇದನ್ನು ಹೇಳುವಾಗ ವಿಲ್ಫ್ರೆಡ್ ಕರವಸ್ತ್ರದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ನಾನು ಅವನ ಭುಜ ತಟ್ಟಿ ಹೊರಗೆ ಬೆಂಚಿನ ಮೇಲೆ ಕೂರಿಸಿದೆ.

ಲವೀನಾಳ ಎರಡೂ ಕೈಗಳನ್ನು ದಪ್ಪ ಹತ್ತಿ ಮತ್ತು ಬ್ಯಾಂಡೇಜಿನಿಂದ ಗವಸಿನಂತೆ ಸುತ್ತಿದ್ದರು. ಗೊಂದಲದಲ್ಲಿರುವ ರೋಗಿಗಳು ಸೂಜಿ, ಕೊಳವೆ ಕಿತ್ತುಕೊಳ್ಳದಿರಲಿ ಎಂದು ಹೀಗೆ ಮಾಡುತ್ತಾರೆ. ಬೆರಳೊಂದೂ ಹೊರಗೆ ಕಾಣುತ್ತಿರಲಿಲ್ಲ. ರಕ್ತದ ಆಮ್ಲಜನಕ ತೋರಿಸುವ ಕ್ಲಿಪ್ಪನ್ನೂ ಕಾಲಿನ ಹೆಬ್ಬೆರಳಿಗೆ ಹಾಕಿದ್ದರು. ಅವಳು ತಾನಾಗಿ ಉಸಿರಾಡುತ್ತಿದ್ದಳು. ಆದರೆ ಕರೆದರೆ ಓಗೊಡುತ್ತಿರಲಿಲ್ಲ, ಚಿವುಟಿದರೆ ಮಾತ್ರ ಮುಖ ಸಿಂಡರಿಸುತ್ತಿದ್ದಳು.

ನಾನು ಕೊಕ್ಕೆಯಿಂದ ಚೆಂಡನ್ನು ತೆಗೆದೆ. ಕೈಯಲ್ಲಿ ಹಿಡಿದು ಆ ಬಿಳಿ ಗವಸುಗಳನ್ನು ನೋಡಿದೆ. ಇವಳಿಗೇಕೆ ಇದು, ಎಲ್ಲಿ ಹಿಡಿಸಲಿ ಎಂದುಕೊಂಡೆ. ಪುನಃ ಕೊಕ್ಕೆಗೆ ಹಾಕಿದೆ. ಓದುವವರು ಇದನ್ನು ಗಮನಿಸಬೇಕು. ನಾನು ಮರೆತದ್ದಲ್ಲ. ಮರೆತಿದ್ದರೆ, ಅಭ್ಯಾಸಬಲದಿಂದ ಕೊಟ್ಟಿರಲೂಬಹುದು, ನೆನಪು ಕೈಕೊಟ್ಟಿದೆ ಎಂದು ನನ್ನನ್ನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಾನು ತಿಳಿದು ತಿಳಿದು ಕೊಡದೆ ಬಿಟ್ಟದ್ದು.

ಲಿಸಿ ಮತ್ತು ನಾನು ಹೊರಗೆ ಬಂದು ಬಾಗಿಲು ಹಾಕಿದೆವು. ಸ್ಕ್ಯಾನ್ ಶುರುವಾಯಿತು. ಮೊದಲ ಎರಡು ಸರಣಿಯ ಚಿತ್ರಗಳು ಬಂದಾಗಲೇ ನನಗೆ ವಿಷಯ ಹೊಳೆಯಿತು. ವರದಿ ಬರೆಯುವುದು ಡಾಕ್ಟರ ಕೆಲಸ, ನನ್ನದಲ್ಲ. ಆದರೆ ಇಷ್ಟು ವರ್ಷ ನೋಡಿದ ಕಣ್ಣು ಸುಮ್ಮನಿರುವುದಿಲ್ಲ. ಲಕ್ವ ಹೊಡೆದರೆ, ಗಡ್ಡೆ ಇದ್ದರೆ, ರಕ್ತ ಒಸರಿದರೆ ಮೆದುಳಿನ ಯಾವುದೋ ಒಂದು ಬದಿ ಕೆಟ್ಟು ಕಾಣುತ್ತದೆ. ಮೈಯ ಒಳಗಿನ ಅಡುಗೆಯೇ ಹಳಸಿದಾಗ ಹಾಗಲ್ಲ. ಸಕ್ಕರೆಯೋ ಉಪ್ಪೋ ಜೀವಸತ್ವವೋ ಅಳತೆ ತಪ್ಪಿದರೆ ಎಡಕ್ಕೂ ಬಲಕ್ಕೂ ಒಂದೇ ರೀತಿ ಪೆಟ್ಟು ಬೀಳುತ್ತದೆ. ಲವೀನಾಳ ಮೆದುಳಿನ ನಟ್ಟನಡುವೆ, ಎರಡು ಬದಿಯಲ್ಲೂ, ರಂಗೋಲಿಯ ಎಳೆಗಳಂತೆ ಸಮಸಮನಾಗಿ ಬೆಳ್ಳಗೆ ಹೊಳೆಯುತ್ತಿತ್ತು. ಬಿ ಒನ್ ಜೀವಸತ್ವ ಪೂರ್ತಿ ಬರಿದಾದಾಗ ಹೀಗಾಗುತ್ತದೆಂದು ಹಿಂದೊಮ್ಮೆ ಡಾಕ್ಟರು ನನಗೆ ತೋರಿಸಿದ್ದರು. ಒಂದು ಇಂಜೆಕ್ಷನ್ನಿನಿಂದ ಸರಿಹೋಗಬಹುದಾದ ಕಾಯಿಲೆ, ತಡವಾದರೆ ಮಾತ್ರ ಪ್ರಾಣ ಅಥವಾ ನೆನಪು ಎರಡರಲ್ಲೊಂದು ಹೋಗುವುದು.

ನಾನು ನರರೋಗದ ಡಾಕ್ಟರಮ್ಮನಿಗೆ ಫೋನ್ ಮಾಡಿ, ಚಿತ್ರ ಕೂಡಲೇ ನೋಡಬೇಕೆಂದು ಹೇಳಿದೆ. ರಿಸೀವರ್ ಇಡುತ್ತಿದ್ದಂತೆ ಬೆಲ್ ಆಯಿತು.

ನನ್ನ ಬೆರಳು ತಾನಾಗಿ ಹೋಗಿ ಗುಂಡಿ ಒತ್ತಿ ಅದನ್ನು ನಿಲ್ಲಿಸಿತು. ಪ್ರಜ್ಞೆ ಇಲ್ಲದವರ ಬೆರಳು ಸೆಟೆದಿರುತ್ತದೆ, ಅಷ್ಟೆ. ಒಂದೆರಡು ಸೆಕೆಂಡ್ ಕಳೆದ ಮೇಲೆ ನನ್ನ ತಲೆಗೆ ಹೊಳೆಯಿತು, ಚೆಂಡು ಅವಳ ಕೈಯಲ್ಲಿಲ್ಲ. ಆದರೂ ನಾನು ನಾನೇ ಅಲ್ಲವೇ. ಕೊಳವೆ ಎಲ್ಲೋ ಬಿರುಕುಬಿಟ್ಟಿರಬೇಕು, ಗಾಳಿ ಸೋರಿರಬೇಕು, ನಾಳೆ ಇಂಜಿನಿಯರಿಗೆ ಹೇಳಬೇಕು ಎಂದು ಕಾಗದದ ಮೇಲೆ ಬರೆದುಕೊಳ್ಳತೊಡಗಿದೆ. ಪರದೆಯ ಮೇಲೆ ಆಮ್ಲಜನಕದ ಅಂಕಿ ಸರಿಯಾಗಿಯೇ ಇತ್ತು. ಗಾಜಿನಲ್ಲಿ ನೋಡಿದರೆ ಅವಳ ಹೊದಿಕೆ, ಪಾದಗಳು ಮಾತ್ರ ಕಾಣುತ್ತಿದ್ದವು, ಅಲುಗಾಟವಿಲ್ಲ.

ಆಗ ಎರಡನೇ ಸಲ ಆಯಿತು. ಈ ಸಲ ಬಿಡಲೇ ಇಲ್ಲ. ಯಾರೋ ಮುಷ್ಟಿ ಕಟ್ಟಿ ಹಿಸುಕಿ ಹಿಡಿದರೆ ಎಷ್ಟು ಉದ್ದ ಬರುತ್ತದೋ ಅಷ್ಟು ಉದ್ದ. ನಿಲ್ಲಿಸುವ ಗುಂಡಿ ಒತ್ತಿದೆ, ನಿಲ್ಲಲಿಲ್ಲ. ಲಿಸಿ "ಭಾಯ್, ಪೇಷೆಂಟ್ ಬುಲಾ ರಹೀ ಹೈ" ಎಂದಳು, ಪೇಷೆಂಟ್ ಕರೆಯುತ್ತಿದ್ದಾಳೆ ಎಂದು. ನಾನು ಸ್ಕ್ಯಾನ್ ತಡೆದು ಬಾಗಿಲು ತೆರೆದು ಒಳಗೆ ಓಡಿದೆ.

ನಿಜ ಹೇಳುತ್ತೇನೆ, ನಾನು ಓಡಿದ್ದು ಆ ಹುಡುಗಿಗಾಗಿ ಅಲ್ಲ, ಚೆಂಡು ನೋಡುವುದಕ್ಕೆ. ಅದು ಕೊಕ್ಕೆಯಲ್ಲೇ ಇತ್ತು. ಕೊಳವೆ ನಾನು ಸುತ್ತಿಟ್ಟ ಹಾಗೆಯೇ ಇತ್ತು. ಚೆಂಡು ದುಂಡಗೆ, ಅಲ್ಲಾಡದೆ ನಿಂತಿತ್ತು. ನಾನು ಅದರ ಹತ್ತಿರ ಹೋದಾಗ ಬೆಲ್ ನಿಂತಿತು. ಆ ನಿಶ್ಶಬ್ದದಲ್ಲಿ ಸುರಂಗದೊಳಗಿಂದ ಗೊರಗೊರ ಎಂಬ ಸಣ್ಣ ಸದ್ದು ಕೇಳಿಸಿತು.

ಲವೀನಾ ವಾಂತಿ ಮಾಡಿಕೊಂಡಿದ್ದಳು. ಅಂಗಾತ ಮಲಗಿದ್ದಾಳೆ, ತಲೆ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿದೆ, ಹೊರಳುವಂತಿಲ್ಲ, ವಾಂತಿ ಗಂಟಲಿಗೇ ಇಳಿಯುತ್ತಿದೆ. ನಾನು ಲಿಸಿಯನ್ನು ಕೂಗಿ ಮಂಚ ಹೊರಗೆಳೆದೆ, ಚೌಕಟ್ಟು ಕಿತ್ತು ಅವಳನ್ನು ಮಗ್ಗುಲಿಗೆ ತಿರುಗಿಸಿದೆ. ಲಿಸಿ ಬಾಯಿ, ಗಂಟಲು ಶುಚಿ ಮಾಡಿದಳು. ತುಟಿ ನೀಲಿಯಾಗಿತ್ತು. ಎಷ್ಟು ಹೊತ್ತಾಯಿತೋ ತಿಳಿಯದು, ಒಂದು ದೊಡ್ಡ ಕೆಮ್ಮು ಬಂತು, ಆಮೇಲೆ ಉಸಿರು. ಆ ಕೆಮ್ಮಿನಷ್ಟು ಒಳ್ಳೆಯ ಸದ್ದನ್ನು ನಾನು ಜೀವನದಲ್ಲಿ ಕೇಳಿಲ್ಲ. ಆಮ್ಲಜನಕದ ಅಂಕಿ ಕುಸಿಯತೊಡಗಿದ್ದು ನಾವು ಅವಳನ್ನು ಹೊರಳಿಸಿದ ಮೇಲೆ, ಅದು ಯಾವಾಗಲೂ ಸ್ವಲ್ಪ ತಡವಾಗಿಯೇ ತಿಳಿಸುವುದು. ಅದನ್ನೇ ನಂಬಿ ಕೂತಿದ್ದರೆ ಅವಳು ಉಳಿಯುತ್ತಿರಲಿಲ್ಲ ಎಂದು ಆಮೇಲೆ ಡಾಕ್ಟರಮ್ಮ ಹೇಳಿದರು.

ತೆಗೆದಿದ್ದ ಚಿತ್ರಗಳೇ ಸಾಕಾದವು. ಬಿ ಒನ್ ಇಂಜೆಕ್ಷನ್ ಅರ್ಧ ಗಂಟೆಯೊಳಗೆ ಶುರುವಾಯಿತು. ತಿಂಗಳುಗಟ್ಟಲೆ ಊಟ ನಿಲ್ಲದ ಮೈಗೆ ಬರೀ ಗ್ಲೂಕೋಸ್ ಹೋದರೆ ಇದ್ದ ಚೂರುಪಾರು ಬಿ ಒನ್ ಕೂಡ ಖರ್ಚಾಗಿಬಿಡುತ್ತದೆ ಎಂದು ಡಾಕ್ಟರಮ್ಮ ವಿಲ್ಫ್ರೆಡನಿಗೆ ಇಂಗ್ಲಿಷಿನಲ್ಲಿ ಮೆತ್ತಗೆ ವಿವರಿಸಿದರು. ಅವನಿಗೆ ಅರ್ಥವಾದದ್ದು ಒಂದೇ. "ನಾನೇ ಹಾಕಿಸಿದ್ದು" ಎಂದು ಗೋಡೆ ನೋಡುತ್ತ ಹೇಳಿದ. ಅವನನ್ನು ಸಮಾಧಾನಪಡಿಸಲು ಲಿಸಿ ತನಗೆ ಗೊತ್ತಿದ್ದ ಒಂದು ಒಳ್ಳೆಯ ಸುದ್ದಿ ಕೊಟ್ಟಳು. ನಿಮ್ಮ ಹೆಂಡತಿಯೇ ಬೆಲ್ ಒತ್ತಿ ಕರೆದಳು, ಅದಕ್ಕೇ ಬದುಕಿದಳು ಎಂದಳು. ಸುತ್ತಿದ ಕೈಯ ಕೆಳಗೆ ನಾನು ಚೆಂಡು ಇಟ್ಟಿದ್ದೆನೆಂದು ಲಿಸಿ ತಪ್ಪಾಗಿ ತಿಳಿದಿದ್ದಳು. ವಿಲ್ಫ್ರೆಡ್ ಬಂದು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ಚೆಂಡು ಕೊಕ್ಕೆಯಲ್ಲೇ ಇತ್ತೆಂದು ಹೇಳಲು ನನಗೆ ಧೈರ್ಯ ಬರಲಿಲ್ಲ.

ಮರುದಿನ ಬೌಷರ್ ಕಡೆಯಿಂದ ಯಂತ್ರದ ಇಂಜಿನಿಯರ್ ಬಂದ. ಒಮಾನಿ ಹುಡುಗ, ಕೆಲಸದಲ್ಲಿ ಚುರುಕು. ಚೆಂಡು, ಕೊಳವೆ, ಸಂಪರ್ಕ ಎಲ್ಲವನ್ನೂ ಬಿಚ್ಚಿ ನೋಡಿ, ಗಾಳಿ ಹಾಕಿ ನೋಡಿ, "ಖಲಾಸ್, ಮಾಫಿ ಮುಶ್ಕಿಲ್" ಎಂದ, ಏನೂ ತೊಂದರೆ ಇಲ್ಲ ಎಂದು. ಯಂತ್ರದ ದಾಖಲೆ ತೆರೆದು ತೋರಿಸಿದ. ಒಂದು ಸಣ್ಣ ಒತ್ತು, ಎರಡು ನಿಮಿಷದೊಳಗೆ ಒಂದು ದೀರ್ಘ ಒತ್ತು. ರೋಗಿ ಒತ್ತಿದಾಗ ಬರುವ ದಾಖಲೆಯೇ ಅದು ಎಂದ. ಗಾಳಿ ಸೋರಿದರೆ ಒತ್ತಿದರೂ ಬೆಲ್ ಆಗುವುದಿಲ್ಲ, ತಾನಾಗಿ ಬೆಲ್ ಆಗುವುದಂತೂ ಇಲ್ಲವೇ ಇಲ್ಲ ಎಂದೂ ವಿವರಿಸಿದ. ನನ್ನ ಕಾಗದವನ್ನು ಹರಿದು ಕಸದ ಬುಟ್ಟಿಗೆ ಹಾಕಿದೆ.

ಲವೀನಾ ನಿಧಾನವಾಗಿ ಕಣ್ಣು ಬಿಟ್ಟಳು. ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ. ಆರನೇ ದಿನವೋ ಏನೋ ಹೋಯಿತು. ಆಮೇಲೆ ಅವಳಿಗೆ ನೆನಪಿನ ತೊಂದರೆ ಬಹಳ ದಿನ ಇತ್ತು. ಬೆಳಗಿನ ತಿಂಡಿ ಏನೆಂದು ಕೇಳಿದರೆ ಗೊತ್ತಿರುತ್ತಿರಲಿಲ್ಲ, ಆದರೆ ಗೊತ್ತಿಲ್ಲ ಎನ್ನುತ್ತಿರಲಿಲ್ಲ. ಶಿರ್ವದಲ್ಲಿ ಅಮ್ಮ ಮಾಡಿದ, ಇಡ್ಲಿಯಂಥ ಸಾನ್ನ ತಿಂದು ಬಂದೆ ಎನ್ನುತ್ತಿದ್ದಳು. ಇದು ಸುಳ್ಳಲ್ಲ, ನೆನಪಿನ ಹೊಂಡಗಳನ್ನು ಮೆದುಳು ತಾನೇ ಕತೆ ಕಟ್ಟಿ ತುಂಬಿಸುತ್ತದೆ, ಈ ಕಾಯಿಲೆಯ ಲಕ್ಷಣವೇ ಅದು ಎಂದು ಡಾಕ್ಟರಮ್ಮ ಹೇಳಿದ್ದರು. ಆ ಶುಕ್ರವಾರದ ಹಿಂದು ಮುಂದಿನ ದಿನಗಳು ಅವಳಿಗೆ ಎಂದೂ ವಾಪಸು ಬರಲಿಕ್ಕಿಲ್ಲ ಎಂದೂ ಹೇಳಿದ್ದರು.

ನಾಲ್ಕು ತಿಂಗಳ ನಂತರ ಮತ್ತೊಂದು ಸ್ಕ್ಯಾನಿಗಾಗಿ ಇಬ್ಬರೂ ಬಂದರು. ಅವಳು ಕೋಲು ಹಿಡಿದು ತಾನೇ ನಡೆದು ಬಂದಳು. ಮುಖಕ್ಕೆ ಕಳೆ ಬಂದಿತ್ತು. ನನ್ನ ಪರಿಚಯ ಅವಳಿಗೆ ಇರಲಿಲ್ಲ, ಗಂಡ ಹೇಳಿದ ಮೇಲೆ "ನಮಸ್ಕಾರ ಅಣ್ಣ" ಎಂದಳು. ಒಳಗೆ ಕರೆದುಕೊಂಡು ಹೋಗಿ ಮಲಗಿಸಿ, ಕೊಕ್ಕೆಯಿಂದ ಚೆಂಡು ತೆಗೆದು ಅವಳ ಬಲಗೈಯಲ್ಲಿಟ್ಟೆ. ಏನಾದರೂ ಬೇಕಾದರೆ ಒತ್ತಿ ಎಂದೆ.

ಅವಳು ಅದನ್ನು ಒಂದು ಕ್ಷಣ ನೋಡಿ, "ಆವತ್ತು ಇದು ನನ್ನ ಕೈಯಲ್ಲಿ ಇರ್ಲಿಲ್ಲ ಅಲ್ವಾ ಅಣ್ಣ? ಅಲ್ಲೇ ನೇತಾಡ್ತಾ ಇತ್ತು" ಎಂದಳು.

ಆ ದಿನ ಅವಳ ತಲೆ ಚೌಕಟ್ಟಿನೊಳಗಿತ್ತು, ಕಣ್ಣು ಮುಚ್ಚಿದ್ದವು. ಕೊಕ್ಕೆ ಇರುವುದು ಮಲಗಿದವರಿಗೆ ಕಾಣದ ಜಾಗದಲ್ಲಿ. ಇನ್ನೊಂದು ಯೋಚನೆಯೂ ಬಂತು. ನಾನು ಈಗಷ್ಟೇ ಕೊಕ್ಕೆಯಿಂದ ತೆಗೆದದ್ದನ್ನು ಕಂಡು ಅವಳ ಮೆದುಳು ಅದನ್ನೇ ಹಿಂದಕ್ಕೆ ಜೋಡಿಸಿ ಕತೆ ಕಟ್ಟಿರಬಹುದು. ಸಾನ್ನದ ಹಾಗೆ. ಡಾಕ್ಟರಾದರೆ ಹಾಗೇ ಹೇಳುತ್ತಿದ್ದರು. ಆದರೆ ಸಾನ್ನ ತಿಂದದ್ದು ನಡೆಯದ ಸಂಗತಿ, ಇದು ನಡೆದದ್ದು. ಲೋಕದಲ್ಲಿ ನನ್ನೊಬ್ಬನಿಗೇ ಗೊತ್ತಿದ್ದದ್ದು.

ನಾಲ್ಕು ತಿಂಗಳು ಹೊತ್ತು ತಿರುಗಿದ್ದನ್ನು ಅಲ್ಲೇ ಇಳಿಸಿದೆ. "ಇರ್ಲಿಲ್ಲ. ನಾನು ಕೊಡ್ಲಿಲ್ಲ. ತಪ್ಪಾಯ್ತು ಲವೀನಾ" ಎಂದೆ. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ. "ಹಾಗಾದ್ರೆ ಬೆಲ್ ಯಾರು ಒತ್ತಿದ್ದು?" ಎಂದು ನಾನೇ ಕೇಳಿದೆ.

"ನನಗೆ ಗೊತ್ತಿಲ್ಲ ಅಣ್ಣ. ನಾನಲ್ಲ. ನನಗೆ ಕರೀಲಿಕ್ಕೂ ಆಗ್ತಾ ಇರ್ಲಿಲ್ಲ." ಬಾಗಿಲಿನ ಕಡೆ ಕಣ್ಣು ಹಾಯಿಸಿ, ಸ್ವರ ತಗ್ಗಿಸಿದಳು. "ಇವ್ರಿಗೆ ಮಾತ್ರ ಹೇಳ್ಬೇಡಿ ಆಯ್ತಾ. ಗ್ಲೂಕೋಸ್ ಹಾಕಿಸಿ ನಾನೇ ಮಗುವನ್ನ ಕಳ್ಕೊಂಡೆ ಅಂತ ಕೂತು ಅಳ್ತಾರೆ. ಆಮೇಲೆ ಅವ್ರೇ ಕಣ್ಣು ಒರ್ಸಿಕೊಂಡು, ಆದ್ರೂ ನೀನು ಬೆಲ್ ಒತ್ತಿದ್ದಿ ಅಲ್ವಾ, ನಿನಗೆ ನನ್ನ ಬಿಟ್ಟು ಹೋಗ್ಲಿಕ್ಕೆ ಮನಸ್ಸಿರ್ಲಿಲ್ಲ ಅಲ್ವಾ ಅಂತಾರೆ. ಅವ್ರು ಅದೊಂದನ್ನೇ ಹಿಡ್ಕೊಂಡು ಇರುದು."

ಸ್ಕ್ಯಾನ್ ಮುಗಿಯುವ ತನಕ ನಾನು ಕುರ್ಚಿಯಲ್ಲಿ ಕೂರಲಿಲ್ಲ, ಗಾಜಿನ ಹತ್ತಿರವೇ ನಿಂತಿದ್ದೆ. ಬೆಲ್ ಆಗಲಿಲ್ಲ. ಮೆದುಳಿನ ನಡುವಿನ ಆ ಬಿಳಿ ಎಳೆಗಳು ಹೆಚ್ಚುಕಡಿಮೆ ಮಾಯವಾಗಿದ್ದವು. ಎಷ್ಟು ಹಿಗ್ಗಿಸಿ ನೋಡಿದರೂ ಅಲ್ಲಿ ನನ್ನ ಪ್ರಶ್ನೆಗೆ ಉತ್ತರವಾಗುವಂಥದ್ದು ಏನೂ ಕಾಣಲಿಲ್ಲ.

ವಿಲ್ಫ್ರೆಡ್ ಬಾಗಿಲಲ್ಲೇ ಕಾಯುತ್ತಿದ್ದ. ಬಗ್ಗಿ ಅವಳ ಕಾಲಿಗೆ ಚಪ್ಪಲಿ ಹಾಕಿದ. ಕೋಲು ಕೈಗೆ ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿ, ನಗಲು ಪ್ರಯತ್ನಿಸುತ್ತ, "ಇವಳು ನಂಬುದೇ ಇಲ್ಲ ಅಣ್ಣ. ನೀವೇ ಹೇಳಿ, ಆವತ್ತು ಬೆಲ್ ಒತ್ತಿದ್ದು ಇವಳೇ ಅಲ್ವಾ?" ಎಂದು ಕೇಳಿದ. ಅವನು ಕೇಳಿದ್ದು ತಮಾಷೆಗೆ ಅಲ್ಲ ಎಂಬುದು ಅವನ ಕಣ್ಣಿನಲ್ಲೇ ತಿಳಿಯುತ್ತಿತ್ತು. ಲವೀನಾ ನೆಲ ನೋಡುತ್ತ ನಿಂತಿದ್ದಳು.

"ಹೌದು, ಅವಳೇ" ಎಂದೆ. ಅದು ಸುಳ್ಳೋ ನಿಜವೋ, ನನಗೆ ಇವತ್ತಿಗೂ ಗೊತ್ತಿಲ್ಲ.